ಮರಳು ತುಂಬಿದ ಪಾಳುಮನೆಗಳ ಒಳಗಿನ ಫೋಟೋ: ಕಿಟಕಿ ಬೆಳ್ಳಗೆ ಸುಟ್ಟುಹೋಗುತ್ತದೆ, ಕೋಣೆ ಕಪ್ಪಾಗುತ್ತದೆ

ಬಿಸಿಲುಗುದುರೆ

ನಮೀಬಿಯಾದ ಕೋಲ್ಮನ್ಸ್‌ಕೋಪ್‌ನಲ್ಲಿ ಫೋಟೋ ತೆಗೆಯಲು ತಯಾರಿ ನಡೆಸಿದ್ದೇನೆ. 1908ರಲ್ಲಿ ವಜ್ರ ಸಿಕ್ಕ ಮೇಲೆ ಜರ್ಮನರು ಕಟ್ಟಿದ ಊರು, 1956ರ ಹೊತ್ತಿಗೆ ಪೂರ್ತಿ ಖಾಲಿಯಾಯಿತು. ಈಗ ಎಷ್ಟೋ ಮನೆಗಳೊಳಗೆ ಅರ್ಧ ಬಾಗಿಲು ಮುಚ್ಚುವಷ್ಟು ಮರಳಿದೆ. ಹೊರಗಿನ ದೃಶ್ಯಗಳ ಬಗ್ಗೆ ಚಿಂತೆಯಿಲ್ಲ, ಕಷ್ಟವಿರುವುದು ಒಳಗೆ. ಕಿಟಕಿಗೆ ಎಕ್ಸ್‌ಪೋಷರ್ (ಕ್ಯಾಮೆರಾಗೆ ಬಿಡುವ ಬೆಳಕಿನ ಅಳತೆ) ಕೊಟ್ಟರೆ ಗೋಡೆಯ ಬಣ್ಣ ಕಾಣುವುದಿಲ್ಲ, ಗೋಡೆಗೆ ಕೊಟ್ಟರೆ ಹೊರಗಿನ ದಿಬ್ಬವೇ ಮಾಯ. ಕ್ಯಾಮೆರಾದ ಎಚ್‌ಡಿಆರ್‌ಗೆ (ಬೇರೆಬೇರೆ ಹೊಳಪಿನ ಚಿತ್ರಗಳನ್ನು ತಾನೇ ಒಂದಾಗಿಸುವ ಸೌಲಭ್ಯ) ಬಿಟ್ಟರೆ ಚಿತ್ರ ಬಣ್ಣದ ಪೋಸ್ಟರಿನಂತೆ ಬರುತ್ತದೆ.

ಕೈಯಲ್ಲಿರುವುದು ಒಂದು ಫುಲ್ ಫ್ರೇಮ್ ಬಾಡಿ, 16–35 ಮತ್ತು 24–105 ಎಂಎಂ ಜೂಮ್ ಲೆನ್ಸ್, ತಿರುಗಿಸಿ ಬಿಗಿ ಮಾಡುವ ಕಾಲುಗಳ ಕಾರ್ಬನ್ ಟ್ರೈಪಾಡ್. ಯಾವ ಹೊತ್ತಿಗೆ ಹೋಗಬೇಕು, ಎಕ್ಸ್‌ಪೋಷರ್ ಹೇಗೆ ಲೆಕ್ಕ ಹಾಕಬೇಕು, ಮರಳಿನಿಂದ ಸಾಮಾನು ಉಳಿಸಿಕೊಳ್ಳುವುದು ಹೇಗೆ? ಬಲ್ಲವರು ಬಿಡಿಸಿ ಹೇಳಿ.

ಹಳೇಗೋಡೆ

ಮೊದಲು ಪರವಾನಗಿ. ಅಲ್ಲಿನ ಸಾಮಾನ್ಯ ಟಿಕೆಟ್ಟಿನಲ್ಲಿ ಬೆಳಗಿನಿಂದ ಮಧ್ಯಾಹ್ನ ಒಂದರವರೆಗೆ ಮಾತ್ರ ಇರಬಹುದು. ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಇರಲು ಫೋಟೋ ಪರವಾನಗಿ ಬೇರೆಯೇ ಇದೆ, ಅದನ್ನೇ ತೆಗೆದುಕೊಳ್ಳಿ. ಟಿಕೆಟ್ಟಿನ ಸಮಯದಲ್ಲಿ ನಿಮಗೆ ಬೇಕಾದ ಬೆಳಕಿನ ಮುಕ್ಕಾಲು ಪಾಲು ಕೈತಪ್ಪುತ್ತದೆ.

ಬೆಳಕನ್ನು ಮೊದಲೇ ಲೆಕ್ಕ ಹಾಕಬಹುದು. ಕಿಟಕಿಯ ಮೇಲಂಚು ಒಳಗಿನ ಮರಳಿನಿಂದ 2 ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ಸೂರ್ಯ 45 ಡಿಗ್ರಿ ಮೇಲಿದ್ದರೆ ಬಿಸಿಲು 2 ಮೀಟರಿನಷ್ಟೇ ಒಳಗೆ ಬರುತ್ತದೆ. 20 ಡಿಗ್ರಿಗೆ ಇಳಿದರೆ ಐದೂವರೆ ಮೀಟರ್ ಒಳಗೆ, ಅಂದರೆ ಎದುರು ಗೋಡೆಯ ಬುಡದವರೆಗೆ ಬಂದು ಬೀಳುತ್ತದೆ. ಆ ಊರು ದಕ್ಷಿಣ ಅಕ್ಷಾಂಶ 26.7ರ ಆಸುಪಾಸಿನಲ್ಲಿದೆ. ಜೂನ್ ಕೊನೆಯಲ್ಲಿ ಅಲ್ಲಿ ನಡುಮಧ್ಯಾಹ್ನವೂ ಸೂರ್ಯ ಸುಮಾರು 40 ಡಿಗ್ರಿಗಿಂತ ಮೇಲೇರುವುದಿಲ್ಲ. ಡಿಸೆಂಬರಿನಲ್ಲಿ ಹೆಚ್ಚುಕಡಿಮೆ ನೆತ್ತಿಯ ಮೇಲೇ ಬರುತ್ತಾನೆ, ಆಗ ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಒಳಗೆ ಬರುವುದೇ ಇಲ್ಲ. ಒಳಾಂಗಣವೇ ಮುಖ್ಯವಾದರೆ ಮೇ–ಜುಲೈ ಆರಿಸಿಕೊಳ್ಳಿ. ಇನ್ನೊಂದು ಮಾತು: ಭೂಮಧ್ಯರೇಖೆಯ ದಕ್ಷಿಣಕ್ಕಿರುವ ಆ ಊರಲ್ಲಿ ಚಳಿಗಾಲದ ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ. ದಕ್ಷಿಣದ ಕಿಟಕಿಗೆ ಬಿಸಿಲು ಬರುತ್ತದೆಂದು ಕಾದು ಕೂರಬೇಡಿ.

ಬೆಂಗ್ವೆಲಾ ಎಂಬ ತಣ್ಣನೆಯ ಸಾಗರ ಪ್ರವಾಹದ ದೆಸೆಯಿಂದ ಆ ಕರಾವಳಿಯಲ್ಲಿ ಬೆಳಗಿನ ಹೊತ್ತು ಮಂಜು ಕವಿಯುವುದು ಸಾಮಾನ್ಯ. ಮಂಜು ಬಂತೆಂದು ಹಿಂದೆ ಹೋಗಬೇಡಿ. ಕಿಟಕಿಗೂ ಕೋಣೆಗೂ ಇರುವ ಬೆಳಕಿನ ಅಂತರ ಆಗ ನಾಲ್ಕೈದು ಸ್ಟಾಪಿಗೆ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ) ಇಳಿಯುತ್ತದೆ, ಒಂದೇ ಫ್ರೇಮಿನಲ್ಲಿ ಕೆಲಸ ಮುಗಿಯುತ್ತದೆ. ಸುಲಿದುಹೋಗುತ್ತಿರುವ ಬಣ್ಣ, ವಾಲ್‌ಪೇಪರಿನ ಅಂಚು, ಮಾಸಿದ ನೀಲಿ ಬಾಗಿಲು, ಇವಕ್ಕೆಲ್ಲ ಮಂಜಿನ ಬೆಳಕೇ ಚೆನ್ನ. ಬಿಸಿಲಿನ ಚೌಕ ಮರಳ ಮೇಲೆ ಬೀಳುವ ಚಿತ್ರಗಳನ್ನು ಮಂಜು ಕರಗಿದ ಮೇಲೆ ತೆಗೆಯಿರಿ. ಮಧ್ಯಾಹ್ನದ ನಂತರ ದಕ್ಷಿಣದ ಕಡೆಯಿಂದ ಗಾಳಿ ಜೋರಾಗುತ್ತದೆ, ಆಗ ಉದ್ದ ಎಕ್ಸ್‌ಪೋಷರ್ ಕಷ್ಟ.

ಇನ್ನು ಕೋಣೆಯಲ್ಲಿ ಕೆಲಸ ಮಾಡುವ ಕ್ರಮ. ನನ್ನ ಮಟ್ಟಿಗೆ ಕ್ಯಾಮೆರಾ ಸೆಟ್ಟಿಂಗಿಗಿಂತ ಇದೇ ದೊಡ್ಡದು. ಹೊಸ್ತಿಲು ದಾಟಬೇಡಿ. ಗಾಳಿ ನೇಯ್ದಿಟ್ಟ ಮರಳಿನ ಅಲೆಯಲ್ಲಿ ಒಂದು ಹೆಜ್ಜೆ ಬಿದ್ದರೆ ಮುಂದಿನ ಗಾಳಿ ಬರುವವರೆಗೆ ಅದು ಅಲ್ಲೇ ಇರುತ್ತದೆ, ಕಿಟಕಿಯಿಂದ ದೂರದ ಮೂಲೆಯಾದರೆ ತಿಂಗಳುಗಟ್ಟಲೆ. ಓರೆ ಬಿಸಿಲಿನಲ್ಲಿ ಆ ಗುರುತಿನ ನೆರಳು ಇಡೀ ಚಿತ್ರವನ್ನು ಎಳೆದುಕೊಳ್ಳುತ್ತದೆ. ಬಾಗಿಲಲ್ಲೇ ನಿಂತು ಮೊದಲು 16 ಎಂಎಂನಲ್ಲಿ ಇಡೀ ಕೋಣೆ, ಆಮೇಲೆ ಅಲ್ಲಿಂದಲೇ 24–105ರ ಉದ್ದ ತುದಿಯಲ್ಲಿ ಮರಳಿನ ಅಲೆ, ಎದುರಿನ ಬಾಗಿಲುವಾಡ, ಒಳಕೋಣೆ. ಇವು ಮುಗಿದ ಮೇಲೂ ಒಳಗೆ ಹೋಗಲೇಬೇಕೆನಿಸಿದರೆ ಚೌಕಟ್ಟಿನಲ್ಲಿ ಬಾರದ ಗೋಡೆಗೆ ಅಂಟಿಕೊಂಡು ಒಂದೇ ಸಾಲಿನಲ್ಲಿ ಹೋಗಿ, ಅದೇ ಹೆಜ್ಜೆಗಳಲ್ಲಿ ವಾಪಸ್ ಬನ್ನಿ. ದಿಬ್ಬದ ಕಡಿದಾದ ಬದಿಯನ್ನು ಮುಟ್ಟಲೇಬೇಡಿ, ಕೆಳಗೆ ಕಾಲಿಟ್ಟರೂ ಮೇಲಿನ ಮರಳು ಜಾರಿ ಏಣು ಕಳೆದುಹೋಗುತ್ತದೆ.

ಎಕ್ಸ್‌ಪೋಷರ್ ಹೀಗೆ: ಮ್ಯಾನುವಲ್ ಮೋಡ್, ಐಎಸ್‌ಒ 100 (ಬೆಳಕಿಗೆ ಸೆನ್ಸರಿನ ಸ್ಪಂದನೆ), ಎಫ್/11 (ಅಪರ್ಚರ್, ಅಂದರೆ ಲೆನ್ಸಿನ ತೆರಪಿನ ಅಳತೆ). ಕಿಟಕಿಯಾಚೆಯ ಬಿಸಿಲು ಬಿದ್ದ ಮರಳು ಸುಟ್ಟುಹೋಗದ ಶಟರ್ ವೇಗ ಹುಡುಕಿ. ಸಾಮಾನ್ಯವಾಗಿ 1/250ರಿಂದ 1/500ರ ಒಳಗೆ ಸಿಗುತ್ತದೆ. ನಂತರ ಕತ್ತಲ ಮೂಲೆಯಲ್ಲಿ ವಿವರ ಕಾಣುವ ವೇಗ, ಹೆಚ್ಚಾಗಿ ಅರ್ಧದಿಂದ 2 ಸೆಕೆಂಡ್. ಈ ಎರಡರ ನಡುವೆ ಎಂಟೊಂಬತ್ತು ಸ್ಟಾಪ್. 2 ಸ್ಟಾಪ್ ಅಂತರದಲ್ಲಿ ಐದು ಫ್ರೇಮ್ ಸಾಕು: 1/250, 1/60, 1/15, 1/4, 1 ಸೆಕೆಂಡ್. ಕ್ಯಾಮೆರಾ ಮೂರೇ ಫ್ರೇಮಿನ ಬ್ರ್ಯಾಕೆಟಿಂಗ್ (ಬೇರೆಬೇರೆ ಎಕ್ಸ್‌ಪೋಷರಿನಲ್ಲಿ ತಾನೇ ಸಾಲಾಗಿ ತೆಗೆಯುವುದು) ಕೊಡುವುದಾದರೆ ಉಳಿದದ್ದನ್ನು ಕೈಯಿಂದಲೇ ಬದಲಿಸಿ. ಶಟರ್ ಮಾತ್ರ ಬದಲಾಗಬೇಕು. ಅಪರ್ಚರ್ ಬದಲಾದರೆ ಫೋಕಸ್ ಆಳವೂ ಮೂಲೆಗಳ ಕಪ್ಪೂ ಫ್ರೇಮಿನಿಂದ ಫ್ರೇಮಿಗೆ ಬೇರೆಯಾಗಿ ಜೋಡಣೆ ಕೆಡುತ್ತದೆ. ಎರಡು ಸೆಕೆಂಡಿನ ಟೈಮರ್ ಇಡಿ, ಟ್ರೈಪಾಡ್ ಮೇಲೆ ಸ್ಟೆಬಿಲೈಸೇಷನ್ ಆಫ್.

ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಆಟೋದಲ್ಲಿ ಬಿಡಬೇಡಿ, 5200 ಕೆಲ್ವಿನ್‌ಗೆ ನಿಲ್ಲಿಸಿ. ನೆರಳಿನ ಗೋಡೆಗೆ ಆಕಾಶದ ನೀಲಿ ಬೀಳುತ್ತದೆ, ಬಿಸಿಲು ಬಿದ್ದ ಮರಳಿನ ಪಕ್ಕದ ಗೋಡೆಗೆ ಕೇಸರಿ ಛಾಯೆ. ಆ ಎರಡು ಬಣ್ಣ ಒಟ್ಟಿಗೆ ಇರುವುದೇ ಆ ಕೋಣೆಗಳ ಚೆಲುವು. ಆಟೋ ಅದನ್ನು ಒಂದೊಂದು ಫ್ರೇಮಿನಲ್ಲಿ ಒಂದೊಂದು ಥರ ಅಳಿಸಿಹಾಕುತ್ತದೆ.

ಫೋಕಸ್ ಮ್ಯಾನುವಲ್. 16 ಎಂಎಂ, ಎಫ್/8ರಲ್ಲಿ 1.1 ಮೀಟರಿಗೆ ಫೋಕಸ್ ಮಾಡಿದರೆ ಸುಮಾರು 55 ಸೆಂ.ಮೀ.ನಿಂದ ಅನಂತದವರೆಗೆ ಚುರುಕು. 24 ಎಂಎಂಗೆ ಅದು 2.4 ಮೀಟರ್, ಹತ್ತಿರದ ಗಡಿ 1.2 ಮೀಟರ್. ಈ ಲೆಕ್ಕ ಹಳೆಯ 0.03 ಎಂಎಂ ಮಾನದಂಡದ್ದು, ಅಂದರೆ ಸೆನ್ಸರಿನ ಮೇಲೆ ಅಷ್ಟು ಅಗಲದವರೆಗಿನ ಮಸುಕನ್ನು ಚುರುಕೆಂದೇ ಎಣಿಸುವುದು. ಹೆಚ್ಚು ಮೆಗಾಪಿಕ್ಸೆಲಿನ ಸೆನ್ಸರಿಗೆ ಇದು ಸ್ವಲ್ಪ ಸಡಿಲ, ಅದಕ್ಕೇ ಎಫ್/11 ಹೇಳಿದ್ದು. ಎಫ್/16 ದಾಟಿದರೆ ಡಿಫ್ರಾಕ್ಷನ್‌ನಿಂದ (ಸಣ್ಣ ತೆರಪಿನಲ್ಲಿ ಬೆಳಕು ಹರಡಿಕೊಳ್ಳುವುದು) ಇಡೀ ಚಿತ್ರ ಮೆತ್ತಗಾಗುತ್ತದೆ.

ಕೊನೆಯದು ಕ್ಯಾಮೆರಾದ ಎತ್ತರ. ಮರಳು ನೆಲವನ್ನು ಮೇಲೆತ್ತಿರುವುದರಿಂದ ಅಲ್ಲಿ ಚಾವಣಿ ತಲೆಗೆ ಹತ್ತಿರ. ಎದೆಯ ಮಟ್ಟದಲ್ಲಿ ಕ್ಯಾಮೆರಾ ಇಟ್ಟರೆ ಅದನ್ನು ಕೆಳಗೆ ಬಾಗಿಸಬೇಕಾಗುತ್ತದೆ, ಆಗ ಬಾಗಿಲುವಾಡಗಳೆಲ್ಲ ಕೆಳಗಡೆ ಒಂದಕ್ಕೊಂದು ಹತ್ತಿರವಾಗಿ ಬೀಳುವಂತೆ ಕಾಣುತ್ತವೆ. ಕಾಣುವ ಗೋಡೆಯ ಅರ್ಧ ಎತ್ತರಕ್ಕೆ ಕ್ಯಾಮೆರಾ ಇಳಿಸಿ, ನೀರ್ಮಟ್ಟಕ್ಕೆ ಸರಿಯಾಗಿ ನಿಲ್ಲಿಸಿ.

ಮರಳುಗಡಿಯಾರ

ಸಾಮಾನಿನ ವಿಷಯಕ್ಕೆ ಬರುತ್ತೇನೆ. ಮರುಭೂಮಿಯ ಮರಳಲ್ಲಿ ಕ್ವಾರ್ಟ್ಜ್ ಹೆಚ್ಚು. ಮೋಹ್ಸ್ ಮಾಪಕದಲ್ಲಿ ಅದರ ಗಡಸುತನ 7, ಲೆನ್ಸಿನ ಗಾಜು ಸಾಮಾನ್ಯವಾಗಿ ಅದಕ್ಕಿಂತ ಮೆತ್ತಗೆ, ಮೇಲಿನ ಲೇಪ ಇನ್ನೂ ನಾಜೂಕು. ಆದ್ದರಿಂದ ಲೆನ್ಸಿನ ಮೇಲೆ ಮರಳು ಕಂಡರೆ ಬಟ್ಟೆ ಹಾಕಬೇಡಿ. ಲೆನ್ಸನ್ನು ಕೆಳಮುಖ ಹಿಡಿದು ರಬ್ಬರ್ ಬ್ಲೋಯರಿನಿಂದ ಊದಿ, ಉಳಿದದ್ದನ್ನು ಮೆತ್ತನೆಯ ಬ್ರಷ್‌ನಿಂದ ತೆಗೆಯಿರಿ, ಆಮೇಲಷ್ಟೇ ದ್ರವ ಮತ್ತು ಬಟ್ಟೆ. ಬಾಯಿಂದ ಊದಿದರೆ ಎಂಜಲಿನ ಹನಿಗೆ ದೂಳು ಅಂಟಿಕೊಳ್ಳುತ್ತದೆ. ಇಂಥ ಜಾಗಕ್ಕೆ ಯುವಿ ಫಿಲ್ಟರ್ ಹಾಕಲೇಬೇಕು. ಕೆಟ್ಟರೆ ಅದು ಕೆಡಲಿ. ಕಿಟಕಿಗೆ ಎದುರಾಗಿ ತೆಗೆಯುವಾಗ ಮಾತ್ರ ಬಿಚ್ಚಿಡಿ, ಇಲ್ಲವಾದರೆ ಕಿಟಕಿಯ ಪ್ರತಿಬಿಂಬ ಕತ್ತಲ ಗೋಡೆಯ ಮೇಲೆ ಮೂಡುತ್ತದೆ.

ಜೂಮ್ ಮಾಡಿದಾಗ ಉದ್ದವಾಗುವ ಲೆನ್ಸ್ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ, ಜತೆಗೆ ನಯವಾದ ದೂಳನ್ನೂ. ಬಹುತೇಕ 24–105 ಲೆನ್ಸುಗಳು ಹೀಗೇ. ಗಾಳಿಯಿರುವಾಗ ಅದನ್ನು ಚೀಲದಲ್ಲೇ ಬಿಡಿ. ಲೆನ್ಸ್ ಬದಲಿಸುವುದು ಕಾರಿನೊಳಗೆ, ಕಿಟಕಿ ಏರಿಸಿ, ಎಸಿ ಫ್ಯಾನ್ ನಿಲ್ಲಿಸಿದ ಮೇಲೆ. ಫ್ಯಾನ್ ಓಡುತ್ತಿದ್ದರೆ ಒಳಗಿನ ದೂಳೆಲ್ಲ ಎದ್ದಿರುತ್ತದೆ. ಬೇರೆ ದಾರಿಯಿಲ್ಲದಿದ್ದರೆ ದೊಡ್ಡ ಪ್ಲಾಸ್ಟಿಕ್ ಚೀಲದೊಳಗೆ ಕ್ಯಾಮೆರಾ, ಲೆನ್ಸ್, ಎರಡೂ ಕೈ ಹಾಕಿ, ಬಾಡಿಯ ಬಾಯಿ ಕೆಳಮುಖವಾಗಿರುವಂತೆ ಬದಲಿಸಿ. ಎರಡನೇ ಬಾಡಿ ಹೊಂದಿಸಲು ಸಾಧ್ಯವಾದರೆ ಈ ತಲೆನೋವೇ ಇಲ್ಲ.

ತಿರುಗಿಸುವ ಬೀಗದ ಟ್ರೈಪಾಡಿಗೆ ಮರಳು ದೊಡ್ಡ ಶತ್ರು. ಕಾಲು ಚಾಚುವಾಗ ಎಲ್ಲಕ್ಕಿಂತ ಕೆಳಗಿನ, ಸಣ್ಣ ಭಾಗವನ್ನು ಮೊದಲು ಪೂರ್ತಿ ಹೊರತೆಗೆಯಿರಿ, ಮೇಲಿನದು ಕೊನೆಗೆ. ಆಗ ಬೀಗಗಳೆಲ್ಲ ಮರಳಿನಿಂದ ಮೇಲೆ ಉಳಿಯುತ್ತವೆ. ಮೊನಚು ಪಾದ ಮರಳಲ್ಲಿ ಇಳಿಯುತ್ತಲೇ ಹೋಗುತ್ತದೆ, 1 ಸೆಕೆಂಡಿನ ಎಕ್ಸ್‌ಪೋಷರಿನಲ್ಲೂ ಕದಲುತ್ತದೆ. ಮೂರು ಅಗಲ ಡಬ್ಬಿ ಮುಚ್ಚಳಗಳನ್ನು ಪಾದಗಳ ಕೆಳಗೆ ಇಡಿ, ಸುಮಾರು 8–10 ಸೆಂ.ಮೀ. ವ್ಯಾಸದವು. ಇಟ್ಟ ಮೇಲೆ ಟ್ರೈಪಾಡಿನ ತಲೆಯನ್ನು ಒಮ್ಮೆ ಅದುಮಿ, ಕುಸಿಯುವುದೆಲ್ಲ ಕುಸಿಯಲಿ, ಆಮೇಲೆ ಮಟ್ಟ ನೋಡಿ. ನಡುಕಂಬಕ್ಕೆ ಚೀಲ ತೂಗುಹಾಕುವುದಾದರೆ ಅದರ ತಳ ನೆಲ ಮುಟ್ಟುತ್ತಿರಲಿ, ತೂಗಾಡುವ ಚೀಲ ಗಾಳಿಯ ಅಲುಗಾಟವನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಬೀಗ ಕರಕರ ಎಂದರೆ ಬಲವಂತ ಮಾಡಿ ತಿರುಗಿಸಬೇಡಿ, ಎಳೆಗಳು ಸವೆಯುತ್ತವೆ. ಸಂಜೆ ಕಾಲುಗಳನ್ನು ಬಿಚ್ಚಿ, ಸಿಹಿನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಎಳೆಗಳಿಗೆ ತೆಳುವಾಗಿ ಗ್ರೀಸ್ ಸವರಿ ಜೋಡಿಸಿ. ಗ್ರೀಸ್ ದಪ್ಪವಾದರೆ ನಾಳೆ ಅದೇ ಮರಳು ಹಿಡಿಯುತ್ತದೆ. ಅಲ್ಲಿ ಸಮುದ್ರ ಹತ್ತಿರ, ಮಂಜಿನಲ್ಲಿ ಉಪ್ಪೂ ಇರುತ್ತದೆ, ಹಾಗಾಗಿ ಕ್ಯಾಮೆರಾ ಬಾಡಿಯನ್ನೂ ಸಿಹಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ. ಅದಕ್ಕೂ ಮೊದಲು ಊದಿರಬೇಕು, ಅದನ್ನು ಮರೆಯಬೇಡಿ.

ಸಂಜೆಗೆಂಪು

ಹಳೇಗೋಡೆಯವರು ಹೇಳಿದ ಐದು ಫ್ರೇಮ್ ತೆಗೆಯಿರಿ, ಸರಿ. ಆದರೆ ಐದನ್ನೂ ಸಾಫ್ಟ್‌ವೇರಿಗೆ ಕೊಟ್ಟು ಒಂದಾಗಿಸು ಅನ್ನಬೇಡಿ. ನೀವು ಹೇಳುವ ಪೋಸ್ಟರಿನ ಬಣ್ಣ ಹುಟ್ಟುವುದು ಅಲ್ಲೇ. ಟೋನ್ ಮ್ಯಾಪಿಂಗ್ ಕಿಟಕಿಯನ್ನೂ ಕೋಣೆಯನ್ನೂ ಒಂದೇ ಹೊಳಪಿಗೆ ತರಲು ನೋಡುತ್ತದೆ. ಕಣ್ಣಿಗೆ ಕಿಟಕಿ ಯಾವಾಗಲೂ ಕೋಣೆಗಿಂತ ಪ್ರಕಾಶವಾಗಿಯೇ ಕಾಣುವುದು. ಹೊರಗಿನ ದಿಬ್ಬ ಗೋಡೆಯಷ್ಟೇ ಮಂಕಾದರೆ ಅದು ಕಿಟಕಿಯಲ್ಲ, ಗೋಡೆಗೆ ಅಂಟಿಸಿದ ಕ್ಯಾಲೆಂಡರ್.

ಹೀಗೆ ಮಾಡಿ ನೋಡಿ. ಕೋಣೆ ಚೆನ್ನಾಗಿ ಬಂದ ಫ್ರೇಮನ್ನು ತಳಕ್ಕಿಡಿ, ಅದಕ್ಕಿಂತ 4 ಸ್ಟಾಪ್ ಕಡಿಮೆಯ ಫ್ರೇಮನ್ನು ಮೇಲಿನ ಲೇಯರಿಗೆ ಹಾಕಿ. ತಳದ ಫ್ರೇಮಿನ ಹೊಳಪಿನಿಂದಲೇ ಲ್ಯೂಮಿನಾಸಿಟಿ ಮಾಸ್ಕ್ (ಹೊಳೆಯುವ ಭಾಗವನ್ನಷ್ಟೇ ಆರಿಸುವ ಪರದೆ) ಮಾಡಿ, ಅದರ ಮೂಲಕ ಕಿಟಕಿಯ ಭಾಗವನ್ನು ಮಾತ್ರ ಮೆತ್ತನೆಯ ಬ್ರಷ್‌ನಿಂದ, 20–30 ಶೇಕಡಾ ಹರಿವಿನಲ್ಲಿ, ಸ್ವಲ್ಪಸ್ವಲ್ಪವೇ ತೆರೆಯಿರಿ. ಹೊರಗಿನ ಮರಳು ಒಳಗಿನ ಗೋಡೆಗಿಂತ ಒಂದು–ಒಂದೂವರೆ ಸ್ಟಾಪ್ ಮೇಲಿರುವಾಗ ನಿಲ್ಲಿಸಿ. ಕಿಟಕಿಯ ಚೌಕಟ್ಟಿನ ಸುತ್ತ ಬೆಳಕು ಸ್ವಲ್ಪ ಚೆಲ್ಲಿದಂತಿದ್ದರೆ ಇರಲಿ, ನಿಜವಾಗಿಯೂ ಹಾಗೇ ಇರುತ್ತದೆ. ಚೌಕಟ್ಟಿನ ಗಡಿಗೆ ಸರಿಯಾಗಿ ಕತ್ತರಿಸಿದ ಮಾಸ್ಕ್ ಕಪ್ಪು ಗೆರೆ ಬಿಡುತ್ತದೆ. ಐದರಲ್ಲಿ ಎರಡು, ಹೆಚ್ಚೆಂದರೆ ಮೂರು ಫ್ರೇಮ್ ಬಳಕೆಗೆ ಬರುತ್ತವೆ, ಉಳಿದವು ವಿಮೆ.

ಗಾಳಿಗೆ ಕಿಟಕಿಯಿಂದ ಮರಳು ಸುರಿಯುತ್ತಿದ್ದರೆ ಫ್ರೇಮುಗಳು ಒಂದಕ್ಕೊಂದು ಹೊಂದುವುದಿಲ್ಲ. ಆ ಜಾಗಕ್ಕೆ ಒಂದೇ ಫ್ರೇಮನ್ನು ಬಳಸಿ. 1/4 ಸೆಕೆಂಡಿನದು ಮರಳನ್ನು ಮಸುಕು ಎಳೆಯಾಗಿ ತೋರಿಸುತ್ತದೆ, ಅದೇ ನನಗೆ ಹೆಚ್ಚು ಇಷ್ಟ. ಸುಲಿದ ಬಣ್ಣದ ಮೇಲೆ ಕ್ಲಾರಿಟಿ (ಸಣ್ಣ ವಿವರಗಳ ಕಾಂಟ್ರಾಸ್ಟ್ ಹೆಚ್ಚಿಸುವ ಎಡಿಟಿಂಗ್ ಆಯ್ಕೆ) ಏರಿಸಬೇಡಿ. ಬಣ್ಣದ ಸಿಪ್ಪೆಯ ಉಬ್ಬು ಓರೆ ಬೆಳಕಿನಿಂದಲೇ ಬರಬೇಕು. ಗೋಡೆಗೆ ಓರೆಯಾಗಿ ಬಿಸಿಲು ಸವರುವ ಹದಿನೈದಿಪ್ಪತ್ತು ನಿಮಿಷ ಸಿಗುತ್ತದೆ, ಅದಕ್ಕೆ ಕಾಯಿರಿ. ಕ್ಲಾರಿಟಿಯಿಂದ ಬರುವುದು ಕೊಳೆಯ ಹಾಗೆ ಕಾಣುತ್ತದೆ.

ಬಿಸಿಲುಗುದುರೆ

ತುಂಬಾ ಉಪಯೋಗವಾಯಿತು, ಎಲ್ಲರಿಗೂ ಧನ್ಯವಾದ. ಇನ್ನೆರಡು ಅನುಮಾನ. ಕೋಣೆಯಲ್ಲಿ ಆಗಲೇ ಬೇರೆಯವರ ಹೆಜ್ಜೆ ಗುರುತಿದ್ದರೆ ಪೊರಕೆಯಿಂದ ಸವರಿ ಸರಿಮಾಡಬಹುದೇ? ಮೇಲ್ಮಹಡಿಗೆ ಹತ್ತಬಹುದೇ, ಮೆಟ್ಟಿಲು ಗಟ್ಟಿ ಇದೆಯೆಂದು ತಿಳಿಯುವುದು ಹೇಗೆ?

ಹಳೇಗೋಡೆ

ಸವರಬೇಡಿ. ಪೊರಕೆಯ ಗೆರೆಗಳು ಗಾಳಿಯ ಅಲೆಗಳ ಹಾಗೆ ಕಾಣುವುದೇ ಇಲ್ಲ, ಹೆಜ್ಜೆಗಿಂತ ಕೆಟ್ಟದಾಗಿ ಎದ್ದು ಕಾಣುತ್ತವೆ. ಸೂರ್ಯ ನಿಮ್ಮ ಬೆನ್ನಿಗಿರುವ ಕೋನ ಹುಡುಕಿ, ಗುಳಿಗಳ ನೆರಳು ಗುಳಿಯ ಹಿಂದೆಯೇ ಅಡಗಿ ಹೆಜ್ಜೆಗಳು ಹೆಚ್ಚುಕಡಿಮೆ ಮರೆಯಾಗುತ್ತವೆ. ಮಂಜಿನ ಬೆಳಗಿನಲ್ಲೂ ಅಷ್ಟೇ. ಅದೂ ಆಗದಿದ್ದರೆ ಮರಳನ್ನು ಬಿಟ್ಟು ಚೌಕಟ್ಟಿನ ಮೇಲರ್ಧವನ್ನು ತೆಗೆಯಿರಿ: ಬಾಗಿಲ ಮೇಲಿನ ಗಾಜು, ಗೋಡೆಗೆ ಬಿಡಿಸಿದ ಅಂಚುಚಿತ್ತಾರ, ಗಾರೆ ಉದುರಿದ ಚಾವಣಿಯ ಪಟ್ಟಿಗಳು. ಜನ ಎಲ್ಲರೂ ಹೋಗುವ ಮನೆ ಬಿಟ್ಟು ಎರಡು ಮನೆ ಆಚೆ ಹೋದರೂ ಸಾಕು, ಮುಟ್ಟದ ಮರಳು ಸಿಗುತ್ತದೆ.

ಜಂತಿಮನೆ

ಮೇಲ್ಮಹಡಿಯ ವಿಷಯ. ನಿರ್ವಹಣೆ ನೋಡಿಕೊಳ್ಳುವವರು ತೆರೆದಿಟ್ಟ ಕಟ್ಟಡ, ಕಾವಲಿನವರು ಹೋಗಿ ಎಂದ ಮೆಟ್ಟಿಲು, ಇವನ್ನು ಬಿಟ್ಟು ಬೇರೆಲ್ಲೂ ಹತ್ತಬೇಡಿ. ಮರುಭೂಮಿಯ ಮರ ಮೋಸ ಮಾಡುತ್ತದೆ. ತೇವವಿಲ್ಲದ್ದರಿಂದ ಮೇಲ್ಮೈ ಕೊಳೆಯುವುದಿಲ್ಲ, ನೋಡಲು ಗಟ್ಟಿ. ಒಳಗೆ ಗೆದ್ದಲು ತಿಂದಿರಬಹುದು, ಮೊಳೆಗಳು ಉಪ್ಪುಮಂಜಿಗೆ ತುಕ್ಕು ಹಿಡಿದು ಕಡ್ಡಿಯಷ್ಟೇ ಉಳಿದಿರಬಹುದು. ತೆರೆದಿಟ್ಟ ಮಹಡಿಯಲ್ಲೂ ಹಲಗೆಯ ನಡುವೆ ಕಾಲಿಡಬೇಡಿ. ಮೊಳೆಯ ಸಾಲು ಕಾಣುವಲ್ಲಿ ಕೆಳಗೆ ಜಂತಿ ಇರುತ್ತದೆ, ಅದರ ಮೇಲೆ, ಗೋಡೆಯ ಹತ್ತಿರ ನಡೆಯಿರಿ.

ಹೆಚ್ಚಿನವರು ಗಮನಿಸದ ಒಂದು ಅಪಾಯವಿದೆ. ಒಂದು ಗೋಡೆಯ ಒಂದೇ ಬದಿಗೆ ಮರಳು ಒತ್ತಿ ನಿಂತಿದ್ದರೆ ಆ ಭಾರ ಗೋಡೆಯನ್ನು ಇನ್ನೊಂದು ಬದಿಗೆ ತಳ್ಳುತ್ತಿರುತ್ತದೆ. ಒಣ ಮರಳಿನ ಒಂದು ಘನ ಮೀಟರ್ ಸುಮಾರು 1.6 ಟನ್ ತೂಗುತ್ತದೆ. ಗೋಡೆ ಓರೆಯಾಗಿದ್ದರೆ, ಅಡ್ಡ ಬಿರುಕು ಬಿಟ್ಟಿದ್ದರೆ ಅದರ ಖಾಲಿ ಬದಿಯಲ್ಲಿ ಟ್ರೈಪಾಡ್ ಹೂಡಬೇಡಿ. ಚಾವಣಿಯ ಮೇಲೆ ಮರಳು ಸೇರಿ ತೊಲೆ ಬಾಗಿದ್ದರೂ ಇದೇ ಮಾತು.

ಕಾಲಿಗೆ ಮೊಳೆ ತೂರದ ಅಟ್ಟೆಯ ಬೂಟು, ಮುಖಕ್ಕೆ ಎನ್95 ಅಥವಾ ಅದಕ್ಕೂ ಮೇಲಿನ ಮಾಸ್ಕ್. ಕಲ್ನಾರಿನ (ಆಸ್ಬೆಸ್ಟಾಸ್) ಶೀಟು ಒಡೆದು ಬಿದ್ದಿದ್ದರೆ ಪಿ100 ದರ್ಜೆಯ ಮಾಸ್ಕ್ ಬೇಕು, ಅದಕ್ಕಿಂತ ಆ ಕೋಣೆ ಬಿಟ್ಟುಬಿಡುವುದೇ ಮೇಲು. ಮರಳಲ್ಲಿ ಹೂತು ಕೂರುವ ಮಂಡಲದ ಹಾವುಗಳು ನಮೀಬ್‌ನಲ್ಲಿವೆ, ಹಾಗಾಗಿ ಕಾಣದ ಮೂಲೆಗೆ ಕೈ ಹಾಕಬೇಡಿ. ಕೆಳಕೋನದ ಚಿತ್ರಕ್ಕೆ ಮಲಗುವ ಮೊದಲು ಟ್ರೈಪಾಡಿನ ಕಾಲಿನಿಂದ ಜಾಗ ತಟ್ಟಿ ನೋಡಿ. ಕೋಲ್ಮನ್ಸ್‌ಕೋಪ್ ಸುತ್ತ ಕಂದು ಕತ್ತೆಕಿರುಬವೂ ಓಡಾಡುತ್ತದೆ. ಮರಳಲ್ಲಿ ಹೊಸ ಗುರುತು ಒಂದೇ ಕೋಣೆಗೆ ಹೋಗಿ ಹೊರಗೆ ಬಂದಿಲ್ಲವೆಂದರೆ ಆ ಕೋಣೆ ನಿಮ್ಮದಲ್ಲ.

ಇದನ್ನು ಓದುತ್ತಿರುವ ಬೇರೆಯವರು ಅಮೆರಿಕದ ನೈರುತ್ಯ ಮರುಭೂಮಿಯ ಪಾಳೂರುಗಳಿಗೆ ಹೋಗುವುದಾದರೆ ಅಲ್ಲಿ ಪಟ್ಟಿ ಬೇರೆ. ಇಲಿ ಹಿಕ್ಕೆ ಕಂಡ ಕೋಣೆಯಲ್ಲಿ ದೂಳೆಬ್ಬಿಸಬೇಡಿ. 1993ರಲ್ಲಿ ಗುರುತಿಸಿದ ಹಂಟಾವೈರಸ್ ಅಲ್ಲಿನ ಜಿಂಕೆ ಇಲಿಗಳಿಂದ ಬರುವಂಥದ್ದು, ಒಣ ಹಿಕ್ಕೆಯ ದೂಳು ಉಸಿರಿಗೆ ಸೇರಿದರೂ ಅಂಟುತ್ತದೆ. ಮಣ್ಣಿನ ಶಿಲೀಂಧ್ರದಿಂದ ಬರುವ ವ್ಯಾಲಿ ಫೀವರ್ ಕೂಡ ಆ ಕಡೆ ಇದೆ. ಗಣಿಯ ಸುರಂಗದೊಳಗೆ ಒಂದು ಹೆಜ್ಜೆಯೂ ಬೇಡ, ಒಳಗೆ ಆಮ್ಲಜನಕ ಕಡಿಮೆಯಿದ್ದರೆ ಮೂಗಿಗೆ ಸುಳಿವೇ ಸಿಗುವುದಿಲ್ಲ. ಅದಿರು ಅರೆದು ಸುರಿದ ಹಳದಿ–ಬೂದು ಗುಡ್ಡೆಗಳಲ್ಲಿ ಆರ್ಸೆನಿಕ್, ಪಾದರಸ ಇರಬಹುದು, ಅದರ ಮೇಲೆ ಮಂಡಿಯೂರಬೇಡಿ. ಫೆಡರಲ್ ಜಮೀನಿನಲ್ಲಿ ನೂರು ವರ್ಷ ದಾಟಿದ ಪುರಾತನ ವಸ್ತು ಎತ್ತಿದರೆ 1979ರ ಕಾಯಿದೆಯ ಪ್ರಕಾರ ಅಪರಾಧ. ಚೌಕಟ್ಟಿಗೆ ಚೆಂದವೆಂದು ಬಾಟಲಿ, ಕುರ್ಚಿ ಸರಿಸುವ ಅಭ್ಯಾಸವೂ ಎಲ್ಲೇ ಆಗಲಿ ಬೇಡ. ಇದ್ದದ್ದು ಇದ್ದಲ್ಲೇ ಇರಬೇಕು.

ಸಂಜೆಗೆಂಪು

ಜಂತಿಮನೆಯವರ ಮಾತಿಗೆ ಸೇರಿಸುತ್ತೇನೆ. ಒಳಗೆ ಬಿಡದ ಊರುಗಳೂ ಇವೆ. ಕ್ಯಾಲಿಫೋರ್ನಿಯಾದ ಬೋಡಿ 1962ರಿಂದ ರಾಜ್ಯದ ಐತಿಹಾಸಿಕ ಉದ್ಯಾನ, ಹೆಚ್ಚಿನ ಮನೆಗಳನ್ನು ಕಿಟಕಿ ಗಾಜಿನಾಚೆಯಿಂದಲೇ ನೋಡಬೇಕು. ಅಲ್ಲಿ ಮೆತ್ತನೆಯ ರಬ್ಬರ್ ಹುಡ್ ಇದ್ದರೆ ಕೆಲಸ ಸಲೀಸು. ಗಾಜಿಗೆ ಹಗುರವಾಗಿ ತಾಗಿಸಿ, ಸುತ್ತ ಕಪ್ಪು ಬಟ್ಟೆ ಹಿಡಿದರೆ ಪ್ರತಿಬಿಂಬ ಹೋಗುತ್ತದೆ. ಪೋಲರೈಸರ್ (ಪ್ರತಿಫಲನ ತಗ್ಗಿಸುವ ಫಿಲ್ಟರ್) ನೇರ ಎದುರು ನಿಂತಾಗ ಉಪಯೋಗಕ್ಕೆ ಬಾರದು, ಗಾಜಿನ ಲಂಬಕ್ಕೆ 55 ಡಿಗ್ರಿಯ ಆಸುಪಾಸು ಓರೆಯಾಗಿ ನಿಂತಾಗಲೇ ಅದರ ಕೆಲಸ.

ಚಿಲಿಯ ಅಟಕಾಮಾದಲ್ಲಿರುವ ಹಂಬರ್‌ಸ್ಟೋನ್ ಇನ್ನೊಂದು ಬಗೆಯ ಜಾಗ. ಸಾಲ್ಟ್‌ಪೀಟರ್ (ಗೊಬ್ಬರ, ಮದ್ದಿಗೆ ಬಳಸುವ ಲವಣ) ಕಾರ್ಖಾನೆಯ ಊರು, 2005ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಅಲ್ಲಿ ತಗಡು, ತುಕ್ಕು, ಯಂತ್ರಗಳೇ ಜಾಸ್ತಿ. ತುಕ್ಕಿಗೆ ನಡುಹಗಲ ಬಿಸಿಲು ಬೇಡ, ಸೂರ್ಯ ಮುಳುಗಿದ ಮೇಲಿನ ಇಪ್ಪತ್ತು ನಿಮಿಷದ ಬೆಳಕಿನಲ್ಲಿ ಕೆಂಪು ಬಣ್ಣ ಉಕ್ಕಿ ಬರುತ್ತದೆ. ತಗಡಿನ ಚಾವಣಿಯ ತೂತುಗಳಿಂದ ಬೀಳುವ ಬಿಸಿಲಕೋಲು ಬೇಕಿದ್ದರೆ ಮಾತ್ರ ಹಗಲಲ್ಲಿ ಹೋಗಿ, ಕೋಲು ಹೊಳೆಯುವ ಜಾಗಕ್ಕೆ ಎಕ್ಸ್‌ಪೋಷರ್ ಕೊಟ್ಟು ಉಳಿದದ್ದನ್ನು ಕತ್ತಲಿಗೇ ಬಿಡಿ.

ಬಿಸಿಲುಗುದುರೆಯವರಿಗೆ ಕೊನೆಯ ಒಂದು ಮಾತು. ಕೋಲ್ಮನ್ಸ್‌ಕೋಪ್ ಎಲ್ಲರಿಗೂ ಗೊತ್ತಿರುವ ಜಾಗ, ಕಾವಲೂ ಇದೆ. ಕಾವಲಿಲ್ಲದ ಪಾಳುಮನೆಗಳ ಚಿತ್ರ ಹಾಕುವಾಗ ಫೈಲಿನ ಜಿಪಿಎಸ್ ಮಾಹಿತಿ ಅಳಿಸಿ, ಹಿನ್ನೆಲೆಯಲ್ಲಿ ಗುರುತು ಸಿಗುವ ಬೆಟ್ಟದ ಸಾಲಿದ್ದರೆ ಆ ಚೌಕಟ್ಟು ಹಾಕಬೇಡಿ. ರಫ್ತು ಮಾಡುವಾಗ "ಸ್ಥಳದ ಮಾಹಿತಿ ತೆಗೆ" ಎಂಬ ಆಯ್ಕೆಯನ್ನು ಡಿಫಾಲ್ಟ್ ಆಗಿಯೇ ಇಟ್ಟುಕೊಳ್ಳಿ. ಫೋನಿನಲ್ಲಿ ತೆಗೆದ ಚಿತ್ರಗಳಿಗೆ ಅದನ್ನು ಬೇರೆಯಾಗಿ ಮಾಡಬೇಕು.